ಟವೆಲ್ಲಿನ ಕೆಳಗಿನ ಮಾತು

ಗಂಟಲು ಯಾರದೋ ಅವರನ್ನು ಬಿಟ್ಟು, ಉಳಿದವರೆಲ್ಲ ವೈದ್ಯರೊಡನೆ ಚರ್ಚಿಸುವುದು ಯಾವ ನ್ಯಾಯ?

ಹತ್ತಿಮತ್ತೂರಿನಲ್ಲಿ ನಮ್ಮ ನೆರೆಯವರಾಗಿದ್ದ ದನದ ದಲಾಲರು ಈ ನ್ಯಾಯವನ್ನು ಒಪ್ಪಲಿಲ್ಲ. ಸವಣೂರಿನ ಸಂತೆಯಲ್ಲಿ ಅವರು ಎದುರಿನವರ ಕೈ ಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದೇ ಎತ್ತಿನ ಬೆಲೆ ಕುದುರಿಸುತ್ತಿದ್ದರು. ಯಾರಾದರೂ ಕೂಗಾಡಿದರೆ, “ಬಾಯಿ ಬ್ಯಾಡ್ರಿ, ಬೆರಳ ಕೊಡ್ರಿ” ಎನ್ನುತ್ತಿದ್ದರು.

ಐವತ್ತರ ದಶಕದ ಕೊನೆಯಲ್ಲಿ ಅವರ ಗಂಟಲಿನ ಕ್ಯಾನ್ಸರ್ ಬಲಿತ ಮೇಲೆ ಪತ್ತೆಯಾಯಿತು. ಹುಬ್ಬಳ್ಳಿಯ ದವಾಖಾನೆಗೆ ನಾನೂ ಜೊತೆಗೆ ಹೋಗಿದ್ದೆ. ಆಪರೇಶನ್ ಮಾಡಿದರೆ ಧ್ವನಿ ಹೋಗುತ್ತದೆ. ಜನ ಕರೆಂಟು ಎನ್ನುವ ಕಿರಣಚಿಕಿತ್ಸೆ ಕೊಟ್ಟರೆ ಧ್ವನಿ ಉಳಿದೀತು, ಆದರೆ ಗಡ್ಡೆ ಮರಳುವ ಭಯ ಹೆಚ್ಚು. ವೈದ್ಯರು ಇಷ್ಟು ಹೇಳುವಷ್ಟರಲ್ಲಿ ಮಗ ಅಡ್ಡ ಬಂದ: “ಸಾಹೇಬ್ರ, ಮುಂದಿಂದು ಅಪ್ಪಗ ಹೇಳಬ್ಯಾಡ್ರಿ. ನಮಗ ಹೊರಗ ಹೇಳ್ರಿ.”

“ಲೇ, ಗಂಟಲ ನಂದೋ ನಿಂದೋ?” ಎಂದು ದಲಾಲರು ಗದರಿ, ವೈದ್ಯರ ಕೈ ಮೇಲೆ ಟವೆಲ್ ಹೊದಿಸಿದರು. “ನಾ ಇನ್ನ ಬದುಕೋ ವರ್ಷಕ್ಕೊಂದು ಬೆರಳ ಹಿಡೀರಿ. ಮೊದಲ ಕರೆಂಟಿಂದು, ಆಮ್ಯಾಲ ಕತ್ತರಿದು. ಖರೇ ರೇಟ ಹೇಳ್ರಿ.”

ನಕ್ಕ ವೈದ್ಯರು ಮೆಲ್ಲಗೆ ಗಂಭೀರರಾದರು. ಟವೆಲ್ ಎರಡು ಸಲ ಅಲುಗಿತು. ಎಷ್ಟು ಬೆರಳೆಂದು ನಮಗಾರಿಗೂ ತಿಳಿಯಲಿಲ್ಲ.

“ವ್ಯಾಪಾರ ಆತು. ಕತ್ತರಿ ಹಾಕ್ರಿ,” ಎಂದು ದಲಾಲರು ಟವೆಲ್ ಕೊಡವಿ ಹೆಗಲಿಗೇರಿಸಿದರು.

ಮುಂದೆ ಸಂತೆಗೆ ಹೊಸದಾಗಿ ಬಂದ ಎಷ್ಟೋ ರೈತರಿಗೆ, ಟವೆಲ್ಲಿನಡಿ ವ್ಯಾಪಾರ ಮುಗಿಸಿ, ಎತ್ತು ಹೊಡೆದುಕೊಂಡು ಊರ ದಾರಿ ಹಿಡಿದ ಮೇಲೆ ಯಾರಾದರೂ ಹೇಳಿದಾಗಲೇ ದಲಾಲರು ಮಾತನಾಡಲಾರರೆಂಬುದು ತಿಳಿಯುತ್ತಿತ್ತು.

ಓದುಗರೇ, ರೋಗಿಯ ಜೊತೆ ದವಾಖಾನೆಗೆ ಹೋದಾಗ ಪ್ರಶ್ನೆಯನ್ನು ಅವರೇ ಕೇಳಲು ಬಿಡಿ. ಉತ್ತರವನ್ನೂ ವೈದ್ಯರಿಂದ ಅವರಿಗೇ ಹೇಳಿಸಿ.