ಭೋಲಾನ ಮೂಗಿನ ಮಡಿಕೆ

ನಿನ್ನೆ ಲಿಫ್ಟಿನಲ್ಲಿ ಪಕ್ಕದ ಮನೆಯವರ ಪಗ್ ನಾಯಿ ನನ್ನ ಕಾಲು ಮೂಸಿತು. ಅದರ ಮುಖದಿಂದ ಹುಳಿಹಿಟ್ಟಿನಂಥ ವಾಸನೆ ಬಂತು. ಬೇರೆಯವರು ಮೂಗು ಮುಚ್ಚಿಕೊಂಡರು. ನಾನು ಎಪ್ಪತ್ತರ ದಶಕದ ಕಾಶಿಗೆ ಹೋಗಿಬಿಟ್ಟೆ. ಕಾಶಿಯೆಂದರೆ ಧೂಪ, ಗಂಧ ಎನ್ನುವವರು ಕ್ಷಮಿಸಬೇಕು.

ಮದುವೆಯಾಗಿ ಧಾರವಾಡದಿಂದ ಕಾಶಿಯ ಶಿವಾಲ ಬಡಾವಣೆಯ ಮನೆಗೆ ಬಂದಾಗ ನನಗೆ ಹಿಂದಿ ಬರುತ್ತಿರಲಿಲ್ಲ. ಮಾವ ಮತ್ತು ಗಂಡ ದಕ್ಷಿಣದ ಯಾತ್ರಿಕರಿಗೆ ಕರ್ಮ ಮಾಡಿಸಲು ಬೆಳಗ್ಗೆಯೇ ಘಾಟಿಗೆ ಹೋಗುವರು. ಉಳಿಯುತ್ತಿದ್ದವರು ನಾನು ಮತ್ತು ಅತ್ತೆ. ಅತ್ತೆಯದು ಕಡುಮಡಿ. ದಿನವಿಡೀ ನನ್ನ ಪಾಲಿಗೆ ಬೀಳುತ್ತಿದ್ದ ಮಾತೆಂದರೆ "ಸರಿ ಆ ಕಡೆ, ಮುಟ್ಟಬ್ಯಾಡ" ಎಂಬುದೊಂದೇ.

ಮಹಡಿಯಲ್ಲಿ ಬಂಗಾಳಿ ವೃದ್ಧೆಯೊಬ್ಬರು ಭೋಲಾ ಎಂಬ ಪಗ್ ಜೊತೆ ಬಾಡಿಗೆಗಿದ್ದರು. ಆ ಚಳಿಗಾಲದಲ್ಲಿ ತೀರಿಕೊಂಡರು. ಮಣಿಕರ್ಣಿಕೆಯ ಘಾಟಿನಲ್ಲಿ ಚಿತೆಗೆ ಬೆಂಕಿ ಕೊಟ್ಟ ಸೋದರಳಿಯ ಪಾತ್ರೆ, ಹಾಸಿಗೆ ಒಯ್ದ. ನಾಯಿಯನ್ನು ಮೆಟ್ಟಿಲ ಮೇಲೆ ಬಿಟ್ಟುಹೋದ. ವಾರದೊಳಗೆ ಭೋಲಾನ ಮೂಗಿನ ಮೇಲಿನ ಚರ್ಮದ ಮಡಿಕೆ ಕೆಂಪಾಗಿ, ಒದ್ದೆಯಾಗಿ ನಾರತೊಡಗಿತು. ನಾನು ಮಹಾವೈದ್ಯೆಯಂತೆ ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ತುಂಬಿದೆ. ಮೂರೇ ದಿನಕ್ಕೆ ಹುಣ್ಣು ಕೀವಾಯಿತು, ಒಂದು ಕಣ್ಣು ಮುಚ್ಚಿಕೊಂಡಿತು.

ಪೂಜೆಗೆ ಕೂರಲಿದ್ದ ಅತ್ತೆ ಅದನ್ನು ನೋಡಿದರು. ಒಂದು ಗಳಿಗೆ ನಿಂತರು. ಆಮೇಲೆ ಮಡಿಸೀರೆಯ ಸೆರಗಿನಲ್ಲೇ ನಾಯಿಯನ್ನು ಎತ್ತಿಕೊಂಡು, "ಏನು ನೋಡ್ತಿ? ರಿಕ್ಷಾ ಕರಿ!" ಎಂದರು.

ದನದ ಡಾಕ್ಟರು ಮಡಿಕೆ ಬಿಡಿಸಿ ನೋಡಿ ರೇಗಿದರು: "ಮಾತಾಜಿ, ತೇಲ್ ಕಿಸ್‌ನೇ ಲಗಾಯಾ?"

ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ಮೈನೇ" ಎಂದರು. ಎಣ್ಣೆ ಹಚ್ಚಿದ್ದು ತಾನೇ ಎನ್ನುತ್ತಿದ್ದಾರೆಂದು ಗೊತ್ತಾಗುವಷ್ಟು ಹಿಂದಿ ನನಗೆ ಆ ಹೊತ್ತಿಗೆ ತಿಳಿಯುತ್ತಿತ್ತು.

ಹೊರಬಂದು ಕನ್ನಡದಲ್ಲಿ ಹೇಳಿದರು: "ಎಣ್ಣಿ ಹಚ್ಚಬಾರದಂತ. ಒಳಗ ಒದ್ದಿ ಇದ್ರ ಕೊಳೀತದಂತ. ಕಾಸಿ ಆರಿಸಿದ ನೀರಾಗ ಒರಸಿ, ಪೂರ್ತಿ ಒಣಗಿಸಿ, ಮುಲಾಮು ಹಚ್ಚಬೇಕು. ಮಡಿಕಿ ಕೂದಲು ಕಣ್ಣಿಗೆ ಚುಚ್ಚತಾವ. ಇನ್ನೆರಡು ದಿನ ಬಿಟ್ಟಿದ್ರ ಕಣ್ಣು ಹೋಗ್ತಿತ್ತು."

ಅಂದಿನಿಂದ ಬಿಸಿಲು ಬಿದ್ದ ಅಂಗಳದಲ್ಲಿ ನಾನು ಭೋಲಾನ ಕಾಲು ಹಿಡಿಯುವುದು, ಅತ್ತೆ ಮೆತ್ತನೆ ಬಟ್ಟೆಯಿಂದ ಒಂದೊಂದೇ ಮಡಿಕೆ ಒರೆಸಿ ಹತ್ತಿಯಿಂದ ಒಣಗಿಸುವುದು. ಆಮೇಲೆ ಮತ್ತೆ ಗಂಗೆಯಲ್ಲಿ ಮುಳುಗುವರು. "ಈ ಥಂಡಿಯಾಗ ಎರಡೆರಡು ಸ್ನಾನ, ಸಾಯ್ತಿ ನೀ" ಎಂದು ಮಾವ ಬೈದರೆ, "ಕಾಶ್ಯಾಗ ಸತ್ರ ಪುಣ್ಯ ಅಂತ ಮಂದಿಗೆ ಹೇಳೋರು ನೀವ ಅಲ್ಲೇನು?" ಎನ್ನುವರು.

ಒಂದು ದಿನ ಒರೆಸುತ್ತಲೇ, ನಾಯಿಗೆ ಹೇಳುವಂತೆ ಅಂದರು: "ನಾ ಇಲ್ಲಿಗೆ ಬಂದಾಗ ಹದಿನಾಕು ವರ್ಷ. ಹಿಂದಿ ಬರ್ತಿದ್ದಿಲ್ಲ. ಮಾತಾಡಲಿಕ್ಕೆ ಒಂದು ಜೀವ ಇದ್ದಿಲ್ಲ." ನಾನು ಕಾಲನ್ನು ಇನ್ನೂ ಗಟ್ಟಿಯಾಗಿ ಹಿಡಿದೆ; ಭೋಲಾ ಕುಂಯ್‌ಗುಟ್ಟಿತು.

ಹುಣ್ಣು ಮಾಯಿತು, ಕಣ್ಣು ಉಳಿಯಿತು. ಭೋಲಾ ಇನ್ನೂ ನಾಲ್ಕು ವರ್ಷ ನಮ್ಮ ಅಂಗಳದಲ್ಲಿ ಗೊರಕೆ ಹೊಡೆದ.

ಈ ಕಥೆಯನ್ನು ನಾನು ಯಾವಾಗಲೂ ಅತ್ತೆಯ ಮಡಿಯನ್ನು ಆಡಿಕೊಂಡು, ನಗಿಸುತ್ತಲೇ ಹೇಳಿದ್ದೇನೆ. ಇವತ್ತು ಬೆಳಗ್ಗೆ ಯಾಕೋ ಲೆಕ್ಕ ಹಾಕಿದೆ. ಆಗ ಅವರಿಗೆ ನಲವತ್ತೆರಡು ವರ್ಷ. ನನ್ನ ಕಿರಿಮಗಳಿಗೆ ಈಗ ಅದಕ್ಕಿಂತ ಹೆಚ್ಚು. ಅಷ್ಟು ವರ್ಷ ನಾನು ಹೆದರಿ ದೂರ ಕೂತದ್ದು ಒಬ್ಬ ಮುದುಕಿಗೆ ಎಂದುಕೊಂಡಿದ್ದೆ.