ಕ್ಯಾಮೆರಾ ಪರೀಕ್ಷೆಗೆ ಕೂತ ಕೂಸು

ನನ್ನ ತಮ್ಮ ಯಾವ ಸಾಮಾನು ಕೊಂಡರೂ ಎಮ್ಮೆ ಕೊಂಡ ಹಾಗೆ. ಸುತ್ತ ತಿರುಗಿ ನೋಡಬೇಕು, ಮುಟ್ಟಿ ನೋಡಬೇಕು, ಕಡೆಗೆ ‘ನಾಳಿ ಬರ್ತೀನ್ರಿ’ ಎಂದು ಎದ್ದು ಬರಬೇಕು. ಕೊಪ್ಪಳದ ಅಂಗಡಿಯವರ ತಲೆಯನ್ನೆಲ್ಲ ತಿಂದು ಮುಗಿಸಿ, ಹೆಂಡತಿ, ಮಗಳು, ನಮ್ಮವ್ವ ಎಲ್ಲರನ್ನೂ ಕಟ್ಟಿಕೊಂಡು ಕುಷ್ಟಗಿಯಿಂದ ಗಂಗಾವತಿಯ ನನ್ನ ಮನೆಗೆ ಬಂದಿಳಿದ. ಮಗಳ ಜವಳ ತೆಗೆಸುವುದಿತ್ತು. ಮೊದಲ ಕೂದಲು ತೆಗೆಯುವುದನ್ನು ಎಚ್‌ಡಿಯಲ್ಲೇ ಹಿಡಿಯಬೇಕಂತೆ. ಆಗಿನ ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಅತ್ತೆ ಯಾರು, ಸೊಸೆ ಯಾರು ಗೊತ್ತಾಗುತ್ತಿರಲಿಲ್ಲ ಬಿಡಿ.

ಅವ್ವನನ್ನೂ ತಮ್ಮನ ಹೆಂಡತಿಯನ್ನೂ ಮನೆಯಲ್ಲಿ ಬಿಟ್ಟು, ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ನಾವಿಬ್ಬರೂ ಕ್ಯಾಮೆರಾ ಅಂಗಡಿಗೆ ಹೋದೆವು.

“ತೀರಾ ಸಸ್ತಾದ್ದೂ ಬ್ಯಾಡ್ರಿ, ತೀರಾ ತುಟ್ಟೀದೂ ಬ್ಯಾಡ್ರಿ. ನಡುವಿಂದು ತೋರಸ್ರಿ,” ಎಂದ ತಮ್ಮ.

ಅಂಗಡಿಯವರು ಎರಡು ಕ್ಯಾಮೆರಾ ತಂದಿಟ್ಟರು. ಒಂದರದು ಭಾರಿ ಜೂಮ್. ರಸ್ತೆಯಾಚೆಯ ಬಾಳೆಹಣ್ಣಿನ ಬಂಡಿಯ ಮೇಲೆ ಕೂತ ನೊಣವೂ ಕಾಣುತ್ತಿತ್ತು. ಇನ್ನೊಂದರಲ್ಲಿ ಹಿಡಿದವರ ಕೈ ನಡುಗಿದರೂ ಚಿತ್ರ ನಡುಗುವುದಿಲ್ಲ, ಮೈಕೂ ಛಲೋ. ತಮ್ಮ ಅದನ್ನೊಮ್ಮೆ ಎತ್ತಿದ, ಇದನ್ನೊಮ್ಮೆ ಎತ್ತಿದ. ನನಗೆ ಮೈಯೆಲ್ಲ ಉರಿಯಿತು.

“ಏನ್ ಹೆಣ್ಣು ನೋಡಾಕ ಬಂದೀಯೇನೋ? ಲಗೂನ ಒಂದು ಹೇಳು,” ಎಂದೆ.

“ಕೂಸಿಂದ ವಿಡಿಯೋ ತಗೀರಿ ಸರ,” ಎಂದರು ಅಂಗಡಿಯವರು. “ಕೂಸು ಅಂದ್ರ ಅಲ್ಲಾಡತಿರ್ತೈತಿ. ಫೋಕಸ್ ಹೆಂಗ ಐತಿ ಗೊತ್ತಾಗ್ತೈತಿ.”

ಕೂಸನ್ನು ಸ್ಟೂಲಿನ ಮೇಲೆ ಕೂರಿಸಿ, ಸಾಮಾನು ಸುತ್ತಿ ಬರುವ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕನ್ನು ಅದರ ಕೈಗೆ ಕೊಟ್ಟೆವು. ಅದು ಒಂದೊಂದೇ ಗುಳ್ಳೆ ಒತ್ತುತ್ತ ಕೂತಿತು. ತಮ್ಮ ಜೂಮಿನ ಕ್ಯಾಮೆರಾ ಹಿಡಿದು ತೆಗೆಯತೊಡಗಿದ. ಅಷ್ಟರಲ್ಲಿ ಹೊರಗೆ ಭತ್ತದ ಲಾರಿಯ ಟಯರು ಢಂ ಎಂದು ಒಡೆಯಿತು. ಸ್ಟೂಲಿನ ಪಕ್ಕ ನಿಂತಿದ್ದ ನಾನು “ಎಯವ್ವಾ!” ಎಂದು ಕಿರುಚಿದೆ. ಅಂಗಡಿಯವರ ಚಹಾ ಅಂಗಿಯ ಮೇಲೆ ಚೆಲ್ಲಿತು. ಆಮೇಲೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ತೆಗೆದದ್ದನ್ನು ಅಂಗಡಿಯ ದೊಡ್ಡ ಟಿವಿಗೆ ಹಚ್ಚಿದರು. ನಾನು ಹಾರಿಬಿದ್ದದ್ದು ನೋಡಿ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನೂ ನಗುತ್ತಲೇ ಕೂಸಿನ ಮುಖ ನೋಡಿದೆ. ಕಣ್ಣರೆಪ್ಪೆಯ ಕೂದಲೂ ಕಾಣುವಷ್ಟು ಸ್ವಚ್ಛ ಚಿತ್ರ. ಆ ರೆಪ್ಪೆ ಅಲುಗಲೇ ಇಲ್ಲ. ಟಯರು ಒಡೆಯುತ್ತದೆ, ನಾವೆಲ್ಲ ಹಾರಿಬೀಳುತ್ತೇವೆ, ಅದು ಇನ್ನೊಂದು ಗುಳ್ಳೆಯ ಮೇಲೆ ಬೆರಳಿಡುತ್ತದೆ.

“ನೋಡಕ್ಕಾ, ನನ್ನ ಮಗಳ ಧೈರ್ಯ! ಹುಲಿ ಐತಿ, ಹುಲಿ!” ಎಂದ ತಮ್ಮ.

ನಾನು ಟಿವಿಯ ಹತ್ತಿರ ಹೋದೆ. ಇನ್ನೊಮ್ಮೆ ಹಚ್ಚಿರೆಂದೆ, ಹಚ್ಚಿದರು. ಎರಡನೆಯ ಕ್ಯಾಮೆರಾ ನಾನೇ ಹಿಡಿದು, ಕೂಸಿನ ಹಿಂದೆ ನಿಂತು ಕರೆಯಲು ತಮ್ಮನಿಗೆ ಹೇಳಿದೆ. “ನನ್ನವ್ವಾ, ಏ ನನ್ನವ್ವಾ,” ಎಂದು ಅವನು ಕರೆದ. ಮೈಕು ಬಹಳ ಛಲೋ ಇತ್ತು, ಅವನ ಉಸಿರು ಕೂಡ ಹಿಡಿದಿತ್ತು. ಕೂಸು ತಿರುಗಲಿಲ್ಲ.

“ಆಟದಾಗ ಮುಳುಗ್ಯಾಳ,” ಎಂದ.

ಕ್ಯಾಮೆರಾ ಕೆಳಗಿಟ್ಟು, ಕೂಸಿನ ಕಿವಿಯ ಹತ್ತಿರ ಜೋರಾಗಿ ಚಪ್ಪಾಳೆ ತಟ್ಟಿದೆ. ಅದು ಗುಳ್ಳೆ ಒತ್ತುತ್ತಲೇ ಇತ್ತು. ಅಂಗಡಿಯವರು ಟಿವಿ ಆರಿಸಿದರು. ತಮ್ಮ ಮಗಳನ್ನು ಎತ್ತಿ ಎದೆಗೊತ್ತಿಕೊಂಡ. “ಪ್ಯಾಕ್ ಮಾಡ್ರಿ,” ಎಂದ. ಯಾವುದನ್ನು ಎಂದು ಕೇಳಿದರೆ, “ಯಾವುದರ ಕೊಡ್ರಿ,” ಎಂದುಬಿಟ್ಟ. ಅವರು ಮೈಕು ಛಲೋ ಇದ್ದದ್ದನ್ನೇ ಕಟ್ಟಿಕೊಟ್ಟರು.

ಮನೆಯಲ್ಲಿ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಹೇಗೆ ಹೇಳುವುದೆಂದು ನನಗೆ ಹೊಳೆಯಲಿಲ್ಲ. ಬಾಯಲ್ಲಿ ಹೇಳಲಾರದೆ, ಕ್ಯಾಮೆರಾವನ್ನು ನಮ್ಮ ಟಿವಿಗೆ ಹಚ್ಚಿ ತೋರಿಸಿದೆ. ಗಂಡ ಕರೆಯುವುದನ್ನೂ ಮಗಳು ತಿರುಗದೇ ಇರುವುದನ್ನೂ ಅವಳು ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಅಳುತ್ತಾಳೆ, ಬೀಳುತ್ತಾಳೆ ಎಂದು ನಾನು ಹಿಡಿಯಲು ಹೋದೆ.

“ನಂಗ ಗೊತ್ತೈತ್ರಿ ಅಕ್ಕಾರ,” ಎಂದಳು.

ನನಗೆ ಸಿಡಿಲು ಬಡಿದಂತಾಯಿತು. ಯಾರಾದರೂ ಕೂಸನ್ನು ಕರೆದರೆ ಸಾಕು, ಇವಳು ಓಡಿಹೋಗಿ ಅದರ ಬೆನ್ನು ತಟ್ಟಿ ನಮ್ಮ ಕಡೆ ತಿರುಗಿಸುತ್ತಿದ್ದಳು. ನಾವದನ್ನು ಮುದ್ದು ಎಂದುಕೊಂಡಿದ್ದೆವು! ಕುಕ್ಕರು ಸೀಟಿ ಹೊಡೆದರೂ ಏಳದ ಕೂಸನ್ನು ‘ಭಾಳ ಶಾಣ್ಯಾ ಕೂಸು’ ಎಂದು ಊರಿಗೆಲ್ಲ ಹೊಗಳಿದ್ದೆವು.

“ಗೊತ್ತಿದ್ದೂ ಬಾಯಿ ಹೊಲ್ಕೊಂಡು ಕುಂತಿದ್ದೇನ? ಹಡದ ತಾಯಿ ಹೌದೋ ಅಲ್ಲೋ ನೀ? ಒಂದ್ ಮಾತು ಹೇಳಾಕ ಏನಾಗಿತ್ತು ನಿನಗ?” ಎಂದು ಕೂಗಿಬಿಟ್ಟೆ. ತಮ್ಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವಳು ಸೆರಗಿಗೆ ಹಿಟ್ಟು ಒರೆಸಿಕೊಂಡಳು.

ಮಂಚದ ಮೇಲೆ ಕೂತು ಎಲ್ಲವನ್ನೂ ನೋಡಿದ್ದ ಅವ್ವ ಆಗ ಬಾಯಿ ತೆರೆದಳು.

“ನಿಮ್ಮ ತವರ ಕಡಿ ಯಾರರ ಕಿವುಡರು ಅದಾರೇನವಾ? ನಮ್ಮ ಮನಿತನದಾಗಂತೂ ಯಾರೂ ಇಲ್ಲ.”

ತಮ್ಮನ ಹೆಂಡತಿ ಅವ್ವನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡಿದಳು.

“ಇದಕ್ಕ ನೋಡ್ರಿ ಅಕ್ಕಾರ, ನಾ ಹೇಳಲಿಲ್ಲ.”

ನಾನು ಕೂಸನ್ನು ಎತ್ತಿಕೊಂಡು, ಚಪ್ಪಲಿ ಹಾಕಿಕೋ ಎಂದು ಅವಳಿಗೆ ಹೇಳಿದೆ. ಕಿವಿ ನೋಡುವ ಡಾಕ್ಟರು ಸಂಜೆಯವರೆಗೂ ದವಾಖಾನೆಯಲ್ಲಿ ಇರುತ್ತಿದ್ದರು. ನಾವು ಮೆಟ್ಟಿಲಿಳಿಯುವಾಗಲೂ ಅವ್ವ ಹಿಂದಿನಿಂದ ಅದನ್ನೇ ಕೇಳುತ್ತಿದ್ದಳು.