ಮಡಚಿದ ಪರದೆಗಳು

ಪೋಲಿಕ್ಸೇನಿಯವರನ್ನು ಪಕ್ಕದ ಮನೆಯ ಅಸಿಮಿನಾ ಮೊದಲು ಕಂಡದ್ದು ಗ್ರೀಸಿನ ಲೆಮ್ನೋಸ್ ದ್ವೀಪದ ಆ ಓಣಿಗೆ ಸೇನೆಯ ಲಾರಿ ಬಂದ ದಿನ. ಮಂಚ, ಪಾತ್ರೆ ಇನ್ನೂ ಲಾರಿಯಲ್ಲೇ ಇರುವಾಗ ಮೇಜರನ ಹೆಂಡತಿ ಪೋಲಿಕ್ಸೇನಿ ಸ್ಟೂಲು ಹತ್ತಿ ಪರದೆ ಕಟ್ಟುತ್ತಿದ್ದರು. ಪರದೆ ನೆಲ ಗುಡಿಸುವಷ್ಟು ಉದ್ದವಿತ್ತು. "ಕತ್ತರಿ ಕೊಡ್ಲಾ ಅಕ್ಕಾ?" ಎಂದು ಅಸಿಮಿನಾ ಕೇಳಿದರೆ, "ಬೇಡಮ್ಮ, ಮತ್ತೆ ವರ್ಗ ಆದ್ರೆ ಮುಂದಿನ ಊರಿನ ಕಿಟಕಿ ಎಷ್ಟುದ್ದವೋ!" ಎಂದು ಅಂಚು ಮಡಚಿ ಹೊಲಿದರು. ಗಡಿಯೂರುಗಳಲ್ಲಿ ಹುಟ್ಟಿ, ಯಾವ ಊರನ್ನೂ ತಮ್ಮದೆನ್ನಲಾಗದ ಮಕ್ಕಳಿಗೆ ಅವರು ವಂಶವನ್ನೇ ಊರಾಗಿ ಕೊಟ್ಟರು. ಮೀನಿನ ಸಾರು ಬಡಿಸುತ್ತ ಮುತ್ತಜ್ಜನ ಮದುವೆ, ತಲೆ ಬಾಚುತ್ತ, ಸ್ಮಿರ್ನಾ ಪಟ್ಟಣ ಹೊತ್ತಿ ಉರಿದಾಗ ಅಲ್ಲಿಂದ ದೋಣಿಯಲ್ಲಿ ಓಡಿಬಂದ ಅಜ್ಜಿಯ ಕತೆ ಹೇಳುತ್ತಿದ್ದರು. ಗಂಡನ ಅಣ್ಣ ಫೋನಿನಲ್ಲಿ ಯಾರದೋ ಸಾವಿನ ವರ್ಷ ತಪ್ಪಾಗಿ ಹೇಳಿದರೆ, "ಭಾವಾ, ಆ ವರ್ಷ ಅವರಿನ್ನೂ ನಿಮ್ಮನ್ನ ಬೈತಾ ಇದ್ರು" ಎಂದು ತಿದ್ದುತ್ತಿದ್ದರು. ತೀರಿಕೊಂಡವರನ್ನು ನೆನೆಯುವ 'ಸತ್ತವರ ಶನಿವಾರ'ದಂದು, ಅವರ ಹೆಸರಲ್ಲಿ ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಚರ್ಚಿಗೆ ಹೋದರೆ, ಪ್ರಾರ್ಥನೆಗೆ ಅವರು ಹೇಳುವ ಹೆಸರುಗಳಿಗೆ ಕೊನೆಯೇ ಇಲ್ಲ. "ತಾಯೀ, ನಿಮ್ಮ ಸತ್ತವರು ಮುಗಿಯೋದ್ರೊಳಗೆ ಇಲ್ಲಿ ಬದುಕಿರೋರು ಹಸಿದು ಸಾಯ್ತಾರೆ" ಎಂದು ಪಾದ್ರಿ ಗೋಗರೆಯುತ್ತಿದ್ದರು. ಮೇಜರನ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು, ದೇಹ ಸಿಗದೆ, ಮಕ್ಕಳೂ ಒಬ್ಬೊಬ್ಬರಾಗಿ ಮದುವೆಯಾಗಿ ಹೋದ ಮೇಲೆ ಅಸಿಮಿನಾ ಒಂದನ್ನು ಗಮನಿಸಿದಳು: ಗಂಡನ ಹೆಸರನ್ನು ಪೋಲಿಕ್ಸೇನಿ ಸತ್ತವರ ಹೆಸರುಗಳೊಂದಿಗೆ ಸೇರಿಸದೆ, ಇನ್ನೂ ಬದುಕಿರುವವರ ಆರೋಗ್ಯದ ಪ್ರಾರ್ಥನೆಗೇ ಹೇಳುತ್ತಾರೆ. "ಅಕ್ಕಾ, ಎಲ್ಲರಿಗೂ ಗೋಧಿ ಬೇಯಿಸ್ತೀರಿ. ಮೇಜರ್ ಸಾಹೇಬ್ರೂ ಕಾಯ್ತಿರ್ತಾರಲ್ವಾ?" ಎಂದಳು ಒಮ್ಮೆ. "ಅವರಿಗೆ ವರ್ಗ ಆಗಿದೆ ಕಣೇ. ಸಂಸಾರ ಕರ್ಕೊಂಡು ಹೋಗೋಕೆ ಅಪ್ಪಣೆ ಸಿಕ್ಕಿಲ್ಲ, ಅಷ್ಟೆ." ಈಗ ಅವರು ಆ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾರೆ. ಪ್ರತಿ ವಸಂತದಲ್ಲೂ ಪರದೆ ಒಗೆದು, ಅಂಚು ಕತ್ತರಿಸದೆ, ಮತ್ತೆ ಮಡಚಿ ಹೊಲಿಯುತ್ತಾರೆ.